ಹಗೇವಿನೊಳಗಿನ ಬಳೆ ಸಪ್ಪಳ

ನಮ್ಮ ವಾಡೆಯಲ್ಲಿ ಬೀಗಗಳು ಕಡಿಮೆ, ದೆವ್ವಗಳು ಹೆಚ್ಚು. ಆಳಂದದಿಂದ ಹಿರೋಳ್ಳಿಗೆ ಹೋಗುವಾಗ ಒಳಕ್ಕೆ ತಿರುಗಿದರೆ ಸಿಗುವ ಸಣ್ಣ ಊರು ನಮ್ಮದು. ಊರಿಗೆ ಆ ವಾಡೆಯೊಂದೇ ದೊಡ್ಡ ಮನೆ: ದಪ್ಪ ಕಲ್ಲಿನ ಗೋಡೆ, ನಡುವೆ ಅಂಗಳ, ಸುತ್ತ ಪಡಸಾಲೆ. ಉಪ್ಪಿನಕಾಯಿ ಭರಣಿ ಇಟ್ಟ ಕತ್ತಲೆ ಕೋಣೆಗೆ ಬೀಗ ಬೇಕಿರಲಿಲ್ಲ, ಅಲ್ಲಿ ಬಾಣಂತಿಯಾಗಿ ಸತ್ತ ಬಾಳವ್ವ ಇದ್ದಳು. ಮಾಳಿಗೆ ಮೆಟ್ಟಿಲಿಗೆ ಹಿಡಿಕೆ ಇರಲಿಲ್ಲ, ಮಕ್ಕಳು ಹತ್ತಿ ಬೀಳಬಾರದೆಂದು ಅಲ್ಲಿ ತಲೆಯಿಲ್ಲದ ಅರಬನೊಬ್ಬ ಕೂತಿದ್ದ. ನಿಜಾಮನ ಕಾಲದಲ್ಲಿ ವಸೂಲಿಗೆಂದು ಬಂದವನಂತೆ, ಸಿಟ್ಟಿನವನಂತೆ. ಬೆಲ್ಲ ಇಟ್ಟ ಅಟ್ಟದ ಮೇಲೆ ಬೆಲ್ಲ ತಿಂದೇ ಸತ್ತ ಒಬ್ಬ ಅಳಿಯ. ಇವರೆಲ್ಲರ ಉಸ್ತುವಾರಿ ನಮ್ಮ ಆಯಿಯದು, ಅಂದರೆ ಅಪ್ಪನ ತಾಯಿಯದು. ಅಮಾವಾಸ್ಯೆಯ ದಿನ ಒಂದೊಂದು ಮೂಲೆಗೆ ಒಂದೊಂದು ತುತ್ತು ನನ್ನ ಕೈಯಿಂದಲೇ ಹಾಕಿಸುತ್ತಿದ್ದಳು. ನಾನು ಗೊಣಗಿದರೆ ಬೈಗುಳ ತಯಾರಿರುತ್ತಿತ್ತು.

"ಬಾಳವ್ವಗ ಮೊದಲ ಹಾಕಿ ಬಾ ಬೇ, ಆಮ್ಯಾಲ ನೀ ನುಂಗು. ಆಕಿ ಹಸದ್ರ ಭರಣಿ ಒಡೀತಾಳ."

ಎಂಟು ವರ್ಷಕ್ಕೇ ನನಗೆ ಗುಟ್ಟು ತಿಳಿದುಹೋಗಿತ್ತು. ಯಾವುದನ್ನು ಬೇರೆಯವರು ಮುಟ್ಟಬಾರದೋ ಅಲ್ಲೊಂದು ದೆವ್ವ ಇಟ್ಟರೆ ಸಾಕು, ಯಾರೂ ಹತ್ತಿರ ಸುಳಿಯುವುದಿಲ್ಲ. ಈ ವಿದ್ಯೆ ನನಗೆ ಯಾರೂ ಕೂಡಿಸಿ ಕಲಿಸಲಿಲ್ಲ, ಊಟದ ಜೊತೆಗೆ ಒಳಗೆ ಹೋಯಿತು. ಒಂದು ಮಧ್ಯಾಹ್ನ ಅದನ್ನು ನಾನೇ ಬಳಸಿದೆ. ಆವತ್ತಿನಿಂದ ಈವತ್ತಿನವರೆಗೆ ನನಗೆ ಕೂತಲ್ಲಿ ಕೂಡುವುದು ಆಗಿಲ್ಲ. ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಇದ್ದರೆ ಎದ್ದು ಕಿಟಕಿ ತೆಗೆಯಬೇಕು, ಬಾಗಿಲು ತೆಗೆಯಬೇಕು, ಹೊರಗೆ ಹೋಗಿ ಬರಬೇಕು. "ಇವಳ ಕಾಲಾಗ ಚಕ್ರ ಅದ" ಎಂದು ನನ್ನ ಗಂಡ ಬೀಗರ ಮುಂದೆಲ್ಲ ಹಾಸ್ಯ ಮಾಡುತ್ತಿದ್ದರು. ಚಕ್ರವೂ ಇಲ್ಲ, ಮಣ್ಣೂ ಇಲ್ಲ. ಮುಚ್ಚಿಟ್ಟ ಜಾಗದ ಗಾಳಿಯೆಂದರೆ ನನಗೆ ಭಯ. ಅದು ಯಾಕೆಂದು ಇಲ್ಲಿ ಬರೆಯದಿದ್ದರೆ ಉಳಿದದ್ದೆಲ್ಲ ಬರೆದು ಏನು ಬಂತು?

ಈಗ ಆ ವಾಡೆ ವಸ್ತುಸಂಗ್ರಹಾಲಯವಾಗಿದೆ. ಊರವರ ಬಾಯಲ್ಲಿ ಮ್ಯೂಜಿಯಂ. ನಾನು ಅಫಜಲಪುರಕ್ಕೆ ಕೊಟ್ಟ ಹೆಣ್ಣು, ಅಲ್ಲೇ ಶಾಲೆಯಲ್ಲಿ ಕಲಿಸಿ ನಿವೃತ್ತಳಾದೆ. ವಾಡೆಯನ್ನು ಬಿಟ್ಟುಕೊಡುವಾಗ ಚಿಕ್ಕಪ್ಪನ ಮಕ್ಕಳು ನನ್ನನ್ನು ಕೇಳಲಿಲ್ಲ, ಕೇಳಿದ್ದರೂ ಬೇಡವೆನ್ನುತ್ತಿರಲಿಲ್ಲ. ಆದರೂ ಮೊದಲ ಸಲ ಒಳಗೆ ಹೋದಾಗ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ನಾನು ಉಂಡ ಕಂಚಿನ ತಾಟಿಗೆ ಒಂದು ಚೀಟಿ. ಆಯಿಯ ಬೀಸುಕಲ್ಲಿಗೆ ಒಂದು ಚೀಟಿ. ನನ್ನನ್ನು ತೂಗಿದ ತೊಟ್ಟಿಲಿಗೆ ಹಗ್ಗ ಕಟ್ಟಿ "ಮುಟ್ಟಬಾರದು" ಎಂದು ಬರೆದಿದ್ದಾರೆ. ನಮ್ಮ ತೊಟ್ಟಿಲು ನಾನೇ ಮುಟ್ಟಬಾರದಂತೆ! ಮುಟ್ಟಿಯೇ ಬಂದೆ. ಬಾಳವ್ವನ ಕೋಣೆಗೆ ಸುಣ್ಣ ಹೊಡೆದು ದೀಪ ಹಾಕಿದ್ದರು, ಪಾಪ ಅವಳಿಗೆ ನಿಲ್ಲಲು ಒಂದು ಮೂಲೆ ಉಳಿದಿರಲಿಲ್ಲ. ಜನ ಅಲ್ಲೆಲ್ಲ ಬೇಗ ಬೇಗ ನೋಡಿ ಅಂಗಳದ ಈಶಾನ್ಯ ಮೂಲೆಗೆ ಓಡುತ್ತಿದ್ದರು. ಅಲ್ಲಿ ಹಗೇವು ಇತ್ತು. ನೆಲದೊಳಗೆ ತೋಡಿದ ಜೋಳದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೊಟ್ಟೆ ಮಾತ್ರ ಒಂದು ಕೋಣೆಯಷ್ಟು. ಬಾಯಿಯ ಮೇಲೆ ಗಾಜು ಕೂಡಿಸಿ, ಒಳಗೆ ಹಸಿರು ಬಲ್ಬು ಬಿಟ್ಟು, ಪಕ್ಕದಲ್ಲಿ ಬೋರ್ಡು ಹಾಕಿದ್ದರು: "ಬಳೆ ದೆವ್ವದ ಹಗೇವು." ಚೌಡಾಪುರ ಕಡೆಯ ಭಾಗ್ಯ ಎಂಬ ಹುಡುಗಿ ಬಂದವರಿಗೆಲ್ಲ ವಿವರಿಸುತ್ತಿದ್ದಳು. ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ತನ್ನ ಬಳೆಗಳನ್ನು ತಾನೇ ಮೆಲ್ಲಗೆ ಕುಲುಕುವುದು ನನಗೆ ಹಿಂದಿನಿಂದ ಚೆನ್ನಾಗಿ ಕಾಣುತ್ತಿತ್ತು.

"ಎಲ್ಲಾರೂ ಸುಮ್ಮ ನಿಂದರ್ರಿ. ಕೇಳಿಸ್ತದೇನ್ರಿ ಸಪ್ಪಳ? ಜ್ವಾಳಾ ತಗ್ಯಾಕ ಒಬ್ಬ ಆಳುಮನಷ್ಯಾ ಇದರಾಗ ಇಳದ. ಹಸಿರ ಬಳಿ ಹಾಕ್ಕೊಂಡಾಕಿ ಒಬ್ಬಾಕಿ ಅಂವನ ಕೈ ಹಿಡದು ಎಳದ್ಲು. ಅಂವ ಅಂಜಿ ಒಂದ ಸಲ ಚೀರಿದ, ಅಷ್ಟೇ. ಮ್ಯಾಲ ಬಂದದ್ದು ಹೆಣಾ."

"ಯಾರು ನೋಡ್ಯಾರವ್ವ ಇದನ್ನ?" ನಾನೇ ಕೇಳಿದೆ.

"ಈ ಮನಿದೇ ಒಂದು ಸಣ್ಣ ಹುಡುಗಿ ಕಣ್ಣಾರೆ ನೋಡ್ಯಾಳ್ರಿ ಅಜ್ಜಿ. ಸಣ್ಣ ಮಕ್ಕಳು ಸುಳ್ಳ ಹೇಳ್ತಾವೇನ್ರಿ?"

"ಹೇಳ್ತಾವ. ಆ ಹುಡುಗಿ ನಾನಽ."

"ಅಯ್ಯ, ಖರೇನ್ರಿ! ತಡೀರಿ ಅಜ್ಜಿ, ವಿಡಿಯೋ ಮಾಡ್ಕೋತೇನಿ. ಹ್ಯಾಂಗಿದ್ಲು ಹೇಳ್ರಿ ಆಕಿ?"

ಮೊಬೈಲು ನನ್ನ ಮುಖದ ಮುಂದೆ ಬಂತು. ಹತ್ತಿಪ್ಪತ್ತು ಜನ ತಿರುಗಿ ನೋಡಿದರು. ಜನ್ಮವಿಡೀ ಮಕ್ಕಳ ಮುಂದೆ ಗಂಟಲು ಹರಿದುಕೊಂಡವಳು ನಾನು, ಆವತ್ತು ಮೊಬೈಲಿಗೆ ಬೆನ್ನು ತಿರುಗಿಸಿದೆ. ಚಪ್ಪಲಿ ಮೆಟ್ಟಿ ಹೊರಗೆ ಬಂದುಬಿಟ್ಟೆ.

ನಡೆದದ್ದು ಹೀಗೆ. ನನ್ನ ಸೋದರತ್ತೆಯನ್ನು ನೋಡಲು ಜೇವರ್ಗಿ ಕಡೆಯಿಂದ ಬೀಗರಾಗುವವರು ಬಂದಿದ್ದರು. ದೊಡ್ಡ ಮನೆತನದವರು, ಹೆಣ್ಣಿಗಿಂತ ಮೊದಲು ಕಾಳು ನೋಡುವವರು. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹಗೇವು ತುಂಬಿ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ದಿನ ಆಯಿ ಆ ಹಸಿಮಣ್ಣಿನ ಮೇಲೆ ತನ್ನ ಅಂಗೈ ಒತ್ತುತ್ತಿದ್ದಳು. ಬೀಗರು ಬಂದಾಗ ಆ ಒಣಗಿದ ಅಂಗೈ ಗುರುತನ್ನು ಅವರಿಗೆ ತೋರಿಸಿ, ಅವರ ಕಣ್ಣೆದುರೇ ಒಡೆದು, ಕೆಳಗಿನ ಜೋಳವನ್ನು ಬುಟ್ಟಿಯಲ್ಲಿ ಎತ್ತಿ ಮುಂದಿಡಬೇಕು. ನಿನ್ನೆ ಯಾರದೋ ಮನೆಯಿಂದ ಎರವಲು ತಂದು ತುಂಬಿದ್ದಲ್ಲ, ನಾಲ್ಕು ವರ್ಷದ ಕಾಳು ಹೊಟ್ಟೆಯಲ್ಲಿಟ್ಟುಕೊಂಡ ಮನೆ ಎಂದು ಗೊತ್ತಾಗಬೇಕು. ಹಗೇವು ಬಲ್ಲ ಯಾರಿಗಾದರೂ ಇದರ ತಪ್ಪು ತಿಳಿಯುತ್ತದೆ. ವರ್ಷಗಟ್ಟಲೆ ಮುಚ್ಚಿದ ಹಗೇವಿನ ಗಾಳಿ ವಿಷ. ಬಾಯಿ ತೆಗೆದು ಒಂದು ದಿನವಾದರೂ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ನಿಂತರೆ ಮನುಷ್ಯ ಇಳಿಯಬಹುದು, ಆರಿದರೆ ಇಳಿಯಬಾರದು. ಹಾಲು ಕುಡಿಯುವ ಕೂಸನ್ನು ಬಿಟ್ಟು ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಹಿಂದಿನ ದಿನವೇ ತೆಗೆದಿಟ್ಟರೆ ಅಂಗೈ ಗುರುತು ತೋರಿಸುವುದು ಹೇಗೆ? ನನ್ನ ಮುತ್ಯಾನಿಗೆ, ಅಂದರೆ ಅಪ್ಪನ ತಂದೆಗೆ, ಆ ಗುರುತೇ ದೊಡ್ಡದಾಯಿತು.

ಹಗೇವಿಗೆ ಇಳಿಯುವವನು ಲಾಡ್ಲೇಸಾಬ. ನಮ್ಮ ಹೊಲಮನೆಯ ಕೆಲಸಕ್ಕೆ ಬಲಗೈ ಆಗಿದ್ದವನು, ನನಗೆ ಲಾಡ್ಲೇ ಕಾಕಾ. ಅವನ ಹೆಂಡತಿ ಖಾಸಿಂಬಿ ನಮ್ಮ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು, ಮಗಳು ಮಾಬೂಬಿ ನನ್ನ ಜೊತೆ ಒಂದೇ ತರಗತಿಯಲ್ಲಿ ಕೂಡುತ್ತಿದ್ದಳು. ಬೀಗರು ಅಂಗೈ ಗುರುತು ನೋಡಿ, ಅದನ್ನು ಒಡೆದ ಮೇಲೆ ದೂರದ ಪಡಸಾಲೆಗೆ ಹೋಗಿ ಜಮಖಾನೆಯ ಮೇಲೆ ಕೂತಿದ್ದರು. ಮೊದಲ ಹಿಡಿ ಜೋಳ ನನಗೇ ಬೇಕೆಂದು ನಾನು ಹಗೇವಿನ ಬಾಯಿಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದೆ; ಅತ್ತೆಯ ಜೊತೆ ನನಗೂ ಇಡಿಸಿದ್ದ ಹಸಿರು ಬಳೆಗಳನ್ನು ಆಡಿಸುತ್ತಿದ್ದೆ. ಕಾಕಾ ಕಂದೀಲು ಬಿಟ್ಟ. ನಡುವಿಗೆ ಹೋಗುವಷ್ಟರಲ್ಲಿ ಆರಿತು. ಎಳೆದು ಮತ್ತೆ ಹಚ್ಚಿ ಬಿಟ್ಟ. ಮತ್ತೆ ಆರಿತು. ಗೌಡರ ಮರ್ಯಾದೆ ಹೋಗಬಾರದೆಂದು ಅವನು ಮೆಲ್ಲಗೆ ಮಾತಾಡಿದ, ಆ ಮಾತು ಮುತ್ಯಾನಿಗೆ ಮತ್ತು ನನಗೆ ಮಾತ್ರ ಕೇಳಿಸಿತು.

"ಗೌಡ್ರ, ದೀಪ ನಿಲ್ಲವಲ್ದರಿ. ಎರಡ ಸಲ ನೋಡಿದೆ. ನಾಳಿತನಕ ಬಿಡೋಣ್ರಿ."

"ಬೀಗರು ಕುಂತಾರ. ಮ್ಯಾಲಿನ ಗಾಳಿಗಿ ಆರ್ಯದ ಅದು. ಇಳಿ."

"ಗಾಳಿ ಎಲ್ಲದರಿ ಗೌಡ್ರ..."

"ಇಳೀತಿಯೋ, ಬ್ಯಾರೇ ಯಾರನ್ನರ ಕರೀಲೋ?"

"ಬ್ಯಾರೇದವರು ಯಾಕ್ರಿ. ನಾ ಇದ್ದೇನಲ್ರಿ."

ತಲೆಯ ರುಮಾಲು ಬಿಚ್ಚಿ ನನ್ನ ಮಡಿಲಲ್ಲಿ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದ. ಚೀರಲಿಲ್ಲ, ಅಂಜಲಿಲ್ಲ. ಒಂದು ಬುಟ್ಟಿ ಜೋಳ ಮೇಲೆ ಬಂತು. ಮುತ್ಯಾ ಅದನ್ನು ತಾನೇ ಹೊತ್ತು ಬೀಗರ ಮುಂದೆ ಇಟ್ಟ, ಅವರು ಅಂಗೈಯಲ್ಲಿ ಉಜ್ಜಿ ಮೂಸಿ ಭಲೇ ಎಂದರು. ಎರಡನೇ ಬುಟ್ಟಿ ಬರಲಿಲ್ಲ. ನಾನು ಬಗ್ಗಿ "ಕಾಕಾ" ಎಂದು ಕರೆದೆ. ಆಳುಗಳು ಓಡಿ ಬಂದು ಹಗ್ಗ ಎಳೆದರು, ಕಿರಿದಾದ ಬಾಯಿಯಲ್ಲಿ ಅವನ ಭುಜ ಸಿಕ್ಕಿಕೊಂಡಿತು, ಬಿಡಿಸಲು ಬಹಳ ಹೊತ್ತಾಯಿತು. ಮೇಲೆ ತಂದಾಗ ಮೀಸೆಯ ತುಂಬ ಜೋಳದ ಧೂಳು ಇತ್ತು. ಉಸಿರು ಇರಲಿಲ್ಲ.

ಖಾಸಿಂಬಿ ಹೊಲದಿಂದ ಓಡುತ್ತ ಬಂದಳು. ಗಂಡನ ಎದೆ ಮುಟ್ಟಿ ನೋಡಿದಳು. ಅಳಲಿಲ್ಲ. ಎದ್ದು ನಿಂತು ಸುತ್ತ ಇದ್ದವರನ್ನೆಲ್ಲ ಒಬ್ಬೊಬ್ಬರನ್ನೇ ನೋಡಿ, ನಮ್ಮ ಸೀಮೆಯ ಯಾವ ಹೆಂಗಸಾದರೂ ಕೇಳುವ ಒಂದೇ ಪ್ರಶ್ನೆ ಕೇಳಿದಳು.

"ದೀಪ ಬಿಟ್ಟಿದ್ರಿಲ್ಲ? ದೀಪ ನಿಂತಿತ್ತೇನು?"

ಆಳುಗಳಿಗೆ ಗೊತ್ತಿರಲಿಲ್ಲ. ಬೀಗರಿಗೆ ಕಾಣಿಸಿರಲಿಲ್ಲ. ಮುತ್ಯಾ ಅವಳ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದ. ಅವನು ನನಗೆ ಏನೂ ಹೇಳಿಕೊಡಲಿಲ್ಲ, ಕಣ್ಣು ಸಹ ಮಿಟುಕಿಸಲಿಲ್ಲ. ಇಷ್ಟು ವರ್ಷ ಅದನ್ನು ಅವನ ತಲೆಗೆ ಕಟ್ಟಿ ಹಗುರಾಗಲು ನೋಡಿದ್ದೇನೆ, ಆಗಿಲ್ಲ. ಅವನ ಮುಖದಲ್ಲಿ ನಾನು ಎಂದೂ ಕಂಡಿರದ ಹೆದರಿಕೆ ಇತ್ತು, ನನ್ನ ಮುತ್ಯಾ ಹೆದರುವುದು ನನಗೆ ಬೇಡವಾಗಿತ್ತು, ಅಷ್ಟೇ. ಮುಚ್ಚಿಡಬೇಕಾದ ಜಾಗದಲ್ಲಿ ಏನು ಇಡಬೇಕೆಂದು ನನಗೆ ಗೊತ್ತಿತ್ತು.

"ದೀಪ ಉರೀತಿತ್ತು ಕಾಕಿ. ಒಳಗ ಬಳಿ ಹಾಕ್ಕೊಂಡಾಕಿ ಒಬ್ಬಾಕಿ ಇದ್ಲು. ಕಾಕಾನ ಕೈ ಹಿಡದು ಎಳದ್ಲು. ಕಾಕಾ ಚೀರಿದ."

ಬಾಯಿಂದ ಬಿದ್ದದ್ದೇ ತಡ, ಎಲ್ಲರೂ ಆ ಮಾತನ್ನು ಹಿಡಿದುಕೊಂಡರು. ಬಳೆ ಸಪ್ಪಳ ತನಗೂ ಕೇಳಿಸಿತು ಎಂದು ಒಬ್ಬ ಆಳು ಅಂದ. ಕೇಳಿಸಿರಲೂಬಹುದು, ನಾನೇ ಅಲ್ಲಿ ಬಳೆ ಆಡಿಸುತ್ತ ಕೂತಿದ್ದೆನಲ್ಲ. ದೆವ್ವದ ಮನೆಯ ಹೆಣ್ಣು ಬೇಡವೆಂದು ಜೇವರ್ಗಿಯವರು ಚಹಾ ಸಹ ಕುಡಿಯದೆ ಎದ್ದರು. ಅತ್ತೆಯ ಸಂಬಂಧ ಮುರಿಯಿತು, ಆದರೂ ಮುತ್ಯಾ ನನ್ನ ಮೇಲೆ ಸಿಟ್ಟಾಗಲಿಲ್ಲ. ಸಾವಿನ ಗದ್ದಲ ತಣ್ಣಗಾದ ಮೇಲೆ ಗಂಡಸರ ಪಂಕ್ತಿಯಲ್ಲಿ ತನ್ನ ತಾಟಿನ ಪಕ್ಕ ನನಗೊಂದು ತಾಟು ಹಾಕಿಸಿದ, ಹೋಳಿಗೆಗೆ ತಾನೇ ತುಪ್ಪ ಬಡಿಸಿದ. ನಮ್ಮ ಮನೆಯಲ್ಲಿ ಯಾವ ಹೆಣ್ಣುಮಗುವಿಗೂ ಸಿಗದ ಜಾಗ ಅದು. ನಾಚಿಕೆಯಾಗುತ್ತದೆ ಹೇಳಲು, ನಾನು ಎರಡು ಹೋಳಿಗೆ ಹೆಚ್ಚಿಗೆ ತಿಂದೆ. ಆಯಿ ಒಬ್ಬಳು ಮಾತ್ರ ಮಾರನೆಯ ದಿನ ನನ್ನ ಜಡೆ ಹೆಣೆಯುತ್ತ, ಕೂದಲು ಕಿತ್ತುಬರುವಷ್ಟು ಜಗ್ಗಿ, ಕಿವಿಯ ಹತ್ತಿರ ಬಾಯಿ ತಂದು ಮಾತಾಡಿದಳು.

"ಈ ಮನ್ಯಾಗಿನ ದೆವ್ವ ಎಲ್ಲಾ ನಾ ಬಲ್ಲೆ. ಬಳಿ ಹಾಕ್ಕೊಂಡಾಕಿ ಯಾರೂ ಇಲ್ಲ. ಇದ್ದಾಕಿ ಈಗ ನೀನಽ, ನೋಡಿಕೊ."

ಅಷ್ಟು ಗೊತ್ತಿದ್ದರೂ ಆಯಿ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಮುಂದಿನ ಅಮಾವಾಸ್ಯೆಗೆ ಹಗೇವಿಗೂ ಒಂದು ತುತ್ತು ಹೆಚ್ಚಾಯಿತು. ಖಾಸಿಂಬಿ ನಮ್ಮ ಕೆಲಸ ಬಿಟ್ಟಳು. ಮಾಬೂಬಿ ಶಾಲೆಗೆ ಬಂದರೆ ಹುಡುಗರು ಬಳೆ ಕುಲುಕುವ ಹಾಗೆ ಕೈ ಮಾಡಿ "ಅಂಜಿ ಸತ್ತವನ ಮಗಳು" ಅನ್ನುತ್ತಿದ್ದರು, ನಾನು ಪಾಟಿಯ ಮೇಲೆ ಬಗ್ಗಿ ಕೂಡುತ್ತಿದ್ದೆ. ಮುಂದೆ ಎರಡು ಸಲ ಅವಳ ನಿಶ್ಚಯ ಮುರಿಯಿತು. ದೆವ್ವ ಬಡಿದ ಮನೆ, ಹೆಣ್ಣಿನ ಮೈಮೇಲೂ ಬಂದೀತು ಎಂದರಂತೆ. ಕೊನೆಗೆ ಕಿಣ್ಣಿ ಸುಲ್ತಾನದ ಕಡೆ ಇಬ್ಬರು ಮಕ್ಕಳಿದ್ದ ವಿಧುರನಿಗೆ ಕೊಟ್ಟರು, ಅವನು ಸತ್ತ ಮೇಲೆ ತವರಿಗೇ ಮರಳಿದಳು. ಊರಲ್ಲಿ ಯಾರದೇ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಅವಳನ್ನು ಯಾರೂ ಕರೆಯುವುದಿಲ್ಲ ಎಂಬುದೂ ನನಗೆ ತಿಳಿದಿತ್ತು. ಊರಿಗೆ ಬಂದಾಗಲೆಲ್ಲ ಒಂದು ಸೀರೆ ಕಳಿಸುತ್ತಿದ್ದೆ, ಒಮ್ಮೆಯೂ ನಾನೇ ಹೋಗಿ ಕೊಡಲಿಲ್ಲ. ಮುತ್ಯಾ ಇದ್ದಾನೆ ಎಂದು ಸುಮ್ಮನಿದ್ದೆ, ಮುತ್ಯಾ ಸತ್ತ. ಅಪ್ಪ ಇದ್ದಾನೆ ಎಂದೆ, ಅಪ್ಪನೂ ಹೋದ. ಹೇಡಿತನಕ್ಕೆ ನೆಪಗಳಿಗೇನು ಬರ.

ಮ್ಯೂಜಿಯಂನಿಂದ ಹೊರಬಿದ್ದವಳು ಆವತ್ತು ಎಲ್ಲೂ ನಿಲ್ಲದೆ ಮೂರು ಓಣಿ ದಾಟಿ ಅವಳ ಮನೆಗೆ ಹೋದೆ. ನಿಂತರೆ ಅಫಜಲಪುರದ ಬಸ್ಸು ಹತ್ತುತ್ತೇನೆಂದು ನನಗೇ ಗೊತ್ತಿತ್ತು. ಮಾಬೂಬಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿ ಕೇರುತ್ತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಬರ್ರಿ ನೀಲವ್ವ. ಯಾವಾಗ ಬಂದ್ರಿ? ಕುಂದರ್ರಿ, ಚಾ ಮಾಡ್ತೇನಿ."

"ಚಾ ಬ್ಯಾಡ. ಒಂದು ಮಾತ ಹೇಳಾಕ ಬಂದೇನಿ. ಮುಗಿಯೋತನಕ ನಡಕ ಮಾತಾಡಬ್ಯಾಡ ಮಾಬೂಬಿ, ಆಮ್ಯಾಲ ನನಗ ಹೇಳಾಕ ಆಗಂಗಿಲ್ಲ."

ನಿಂತೇ ಹೇಳಿದೆ. ಅಂಗೈ ಗುರುತು, ಎರಡು ಸಲ ಆರಿದ ದೀಪ, ಅವಳಪ್ಪ ಮೆಲ್ಲಗೆ ಆಡಿದ ಮಾತು, ಮುತ್ಯಾನ ಉತ್ತರ, ನನ್ನ ಸುಳ್ಳು. ಮೊರ ಮೊದಮೊದಲು ಆಡುತ್ತಿತ್ತು, ಆಮೇಲೆ ನಿಂತಿತು.

"ಚೀರಿದ್ನೇನು ನಮ್ಮಪ್ಪ?"

"ಇಲ್ಲ."

"ದೀಪ ಆರಿದ್ದು ಅಂವಗ ಗೊತ್ತಿತ್ತು."

"ಗೊತ್ತಿತ್ತು. ಅಂವನಽ ಹೇಳಿದ."

"ಗೊತ್ತಿದ್ದೂ ಇಳದ."

"ಇಳದ."

"ಇಷ್ಟ ದಿನಾ ದೆವ್ವಿನ ಮ್ಯಾಲ ಸಿಟ್ಟ ಮಾಡಾಕ ಬರ್ತಿದ್ದಿಲ್ಲ ನೋಡು, ಅದಕ್ಕ ಸುಮ್ಮ ಇದ್ದೆ. ಈಗ ಈ ವಯಸ್ಸಿನಾಗ ನಿನ್ನ ಮ್ಯಾಲ ಮಾಡಬೇಕಾತು."

ಮಾಡು ಎಂದೆ. ಬೈ, ಹೊಡಿ, ಊರು ಕೂಡಿಸು ಎಂದೆ. ಕೈ ಮುಗಿದು ಅತ್ತುಬಿಟ್ಟೆ. ನನ್ನ ಅಳು ಅವಳಿಗೆ ಬೇಕಿರಲಿಲ್ಲ. ಮೊರ ಕೆಳಗಿಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು, ಆಮೇಲೆ ನಾನು ಕನಸಿನಲ್ಲೂ ಎಣಿಸದ ಮಾತೊಂದು ಹೇಳಿದಳು.

"ನಂದು ಹೋಗ್ಲಿ. ನಮ್ಮವ್ವ ಸಾಯೋತನಕ ಅಪ್ಪನ ಹೆಸರ ಎತ್ತಲಿಲ್ಲ, ಗೊತ್ತದ ಏನು? ದೆವ್ವ ಅಲ್ಲ, ಬಳಿ ಹಾಕ್ಕೊಂಡಾಕಿ ಅಂದೆಲ್ಲ ನೀ, ಅದು ಆಕಿಗಿ ಹತ್ತಿಬಿಡ್ತು. ಯಾವಾಕಿ ಬಳಿ ಸಪ್ಪಳಕ್ಕ ಕೈ ಕೊಟ್ಟನೋ, ಹೋಗ್ಲಿ ಬಿಡು ಅಂತಿದ್ಲು. ಅಂವನ ಗೋರಿಗೆ ಒಂದು ದಿನಾ ಹೂವ ಕಳಸಲಿಲ್ಲ. ಸಾಯೋ ಮುಂದ, ನನ್ನ ಅಂವನ ಬಾಜೂಕ ಮಲಗಸಬ್ಯಾಡ್ರಿ ಅಂದ್ಲು. ನಾವು ಕೇಳಿ ದೂರ ಮಲಗಿಸೇವಿ."

ಕಟ್ಟೆಯ ಮೇಲೆ ಕೂತುಬಿಟ್ಟೆ. ಒಬ್ಬ ಮುದುಕನ ಮಾನ ಉಳಿಸಲು ಎಂಟು ವರ್ಷದ ನಾನು ಒಂದು ಸಂಸಾರದೊಳಗೆ ಸವತಿಯನ್ನು ಬಿಟ್ಟಿದ್ದೆ. ಮಾಬೂಬಿ ಆಗಲೇ ಚಪ್ಪಲಿ ಮೆಟ್ಟಿದ್ದಳು.

"ಏಳು. ಹೇಳಾಕ ಬಂದೇನಿ ಅಂದೆಲ್ಲ."

"ಎಲ್ಲಿಗಿ?"

"ದೀಪ ನಿಂತಿತ್ತೇನು ಅಂತ ನಮ್ಮವ್ವ ಕೇಳಿದ್ಲಲ್ಲ. ಆಕಿಗಿ ಹೇಳು."

ಖಬರಸ್ತಾನ ಊರ ಹೊರಗೆ, ಬೋರ್ಡು ನೋಡಿ ಜನ ಮ್ಯೂಜಿಯಂ ಕಡೆ ತಿರುಗುವ ರಸ್ತೆಯ ಪಕ್ಕದಲ್ಲೇ ಇದೆ. ಹೆಂಗಸರು ಒಳಗೆ ಹೋಗುವುದಿಲ್ಲ, ಮೊಣಕಾಲೆತ್ತರದ ಗೋಡೆಯ ಹೊರಗೆ ನಿಲ್ಲಬೇಕು. ಬೇವಿನ ಮರದ ಕೆಳಗೆ ಒಂದು ಗೋರಿ, ಅದು ಲಾಡ್ಲೇ ಕಾಕಾನದು. ಆ ತುದಿಯಲ್ಲಿ ಒಬ್ಬಳೇ, ಬೆನ್ನು ತಿರುಗಿಸಿ ಮಲಗಿದವಳ ಹಾಗೆ, ಖಾಸಿಂಬಿ. ಮೇವಿನ ಹೊರೆ ಹೊತ್ತು ಬರುತ್ತಿದ್ದ ಇಬ್ಬರು ಹೆಂಗಸರು ನಮ್ಮನ್ನು ನೋಡಿ ನಿಂತರು, ಮೋಟರ್‌ಸೈಕಲ್ಲಿನವನೊಬ್ಬ ಗಾಡಿ ನಿಧಾನ ಮಾಡಿದ. ಅವರು ಹೋಗಲಿ ಎಂದು ಕಾದೆ, ಅವರು ಹೋಗಲಿಲ್ಲ. ತಲೆ ತಗ್ಗಿಸಿಕೊಂಡೇ ಶುರು ಮಾಡಿದೆ.

"ಕಾಕಿ, ದೀಪ ನಿಂತಿದ್ದಿಲ್ಲ. ಎರಡ ಸಲ ಆರ್ತು. ಕಾಕಾ ಹೇಳಿದ, ಮುತ್ಯಾ ಕೇಳಲಿಲ್ಲ. ಒಳಗ ಯಾವ ಹೆಣ್ಮಗಳೂ ಇದ್ದಿಲ್ಲ. ನಾ ಸುಳ್ಳ ಹೇಳಿದೆ."

ಮಾಬೂಬಿ ನನ್ನ ಕಡೆ ನೋಡಲಿಲ್ಲ, ಆ ತುದಿಯ ಗೋರಿಯ ಕಡೆಗೇ ನೋಡುತ್ತಿದ್ದಳು.

"ಜೋರಾಗಿ ಹೇಳು. ನಮ್ಮವ್ವಗ ಕಿವಿ ಮಂದ."

ನಾನು ತಲೆ ಎತ್ತಿ, ರಸ್ತೆಯಲ್ಲಿ ನಿಂತವರಿಗೂ ಕೇಳುವಂತೆ, ಮೊದಲಿನಿಂದ ಹೇಳಿದೆ.